ಎತ್ತರದ ಅಲೋ ಗಿಡ: ಗುರುತು ಹಿಡಿಯುವುದು ಹೇಗೆ, ಎರೆಮಣ್ಣಿನಲ್ಲಿ ಉಳಿಸಿಕೊಳ್ಳುವುದು ಹೇಗೆ

ಮಳೆ ಹಿಂದೆ ಸರಿದು ದಸರಾ ಹತ್ತಿರ ಬಂತೆಂದರೆ ನನ್ನ ಫೋನಿಗೆ ಎರಡು ಬಗೆಯ ಫೋಟೋ ಬರಲು ಶುರು. ಒಂದರಲ್ಲಿ ಆಳೆತ್ತರದ ಮುಳ್ಳಿನ ಗಿಡ. ಕೆಳಗೆ ಪ್ರಶ್ನೆ: 'ಇದು ಅಲೋವೆರಾನೇ ಅಲ್ವಾ?' ಇನ್ನೊಂದರಲ್ಲಿ ಬುಡ ಕೊಳೆತು ಪಕ್ಕಕ್ಕೆ ಒರಗಿದ ಗಿಡ. ಕೆಳಗೆ ದೂರು: 'ದಿನಾ ನೀರು ಹಾಕಿದ್ದೆ, ಆದ್ರೂ ಹೋಯ್ತು.'

ಎರಡಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅಂತ ಕೂತಿದ್ದೇನೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮಣ್ಣು ಮತ್ತು ಮಳೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು. ನಮ್ಮ ಬಿಸಿಲಿಗೆ ಈ ಗಿಡ ಹೆದರುವುದಿಲ್ಲ. ಹೆದರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಡದಲ್ಲಿ ನಿಲ್ಲುವ ನೀರಿಗೆ. ಮುಂದೆ ಹೇಳುವ ಅರ್ಧಕ್ಕರ್ಧ ಮಾತು ಅದರದ್ದೇ.

ಬೇಕಾಗುವ ಸಾಮಾನು: ಸಲಿಕೆ, ಹಾರೆ, ಚೂಪಾದ ಚಾಕು, ದಪ್ಪ ಕೈಗವಸು, ದಪ್ಪ ಉಸುಕು, ಗರಸು, ಹಳೆಯ ತಿಪ್ಪೆಗೊಬ್ಬರ, ನಾಲ್ಕಾರು ದೊಡ್ಡ ಕಲ್ಲು, ಒಂದೆರಡು ಊದಿನಕಡ್ಡಿ. ಊದಿನಕಡ್ಡಿ ಯಾಕೆ ಅಂತ ಆಮೇಲೆ ಹೇಳುತ್ತೇನೆ.

1. ಮೊದಲು ಅದು ಅಲೋ ಹೌದೋ ಅಲ್ಲವೋ ನೋಡಿ

ನನಗೆ ಬರುವ ಫೋಟೋಗಳಲ್ಲಿ ಬಹಳಷ್ಟು ಅಲೋ ಅಲ್ಲವೇ ಅಲ್ಲ, ಕತ್ತಾಳೆ. ಹೊಲದ ಬದುವಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ ಬೆಳೆಯುತ್ತದಲ್ಲ, ನಾರು ತೆಗೆದು ಹಗ್ಗ ಹೊಸೆಯುವ ಗಿಡ, ಅದೇ. ಪೇಟೆಯ ನರ್ಸರಿಗಳಲ್ಲಿ ಅದರ ಅಲಂಕಾರದ ತಳಿಗಳು 'ದೊಡ್ಡ ಅಲೋವೆರಾ' ಅನ್ನುವ ಹೆಸರಿನಲ್ಲಿ ಮಾರಾಟವಾಗುತ್ತವೆ. ಕತ್ತಾಳೆಯ ಮೂಲ ಮೆಕ್ಸಿಕೊ ಕಡೆ, ಅಲೋ ಗಿಡಗಳದ್ದು ಆಫ್ರಿಕಾ ಮತ್ತು ಅರೇಬಿಯಾ. ನೋಡಲು ಅಣ್ಣ-ತಮ್ಮಂದಿರ ಹಾಗಿದ್ದರೂ ಹತ್ತಿರದ ನೆಂಟಸ್ತಿಕೆ ಇಲ್ಲ.

ಸುಲಭದ ಪರೀಕ್ಷೆ: ಕೆಳಗಿನ ಒಂದು ಹಳೆಯ ಎಲೆಯನ್ನು ಕೈಗವಸು ಹಾಕಿಕೊಂಡು ಅಡ್ಡ ಮುರಿಯಿರಿ. ಅಲೋ ಆದರೆ ಸೌತೆಕಾಯಿ ಮುರಿದಂತೆ ಎರಡು ತುಂಡಾಗುತ್ತದೆ. ಸಿಪ್ಪೆಯ ಒಳಅಂಚಿನಿಂದ ಹಳದಿ ರಸ ಸಣ್ಣಗೆ ಜಿನುಗುತ್ತದೆ, ನಡುವೆ ಗಾಜಿನಂಥ ಲೋಳೆ ಕಾಣುತ್ತದೆ. ಆ ಹಳದಿ ರಸ ಅಂಗಿಗೆ ತಾಗಿದರೆ ಒಣಗಿ ಕಂದು ಕಲೆಯಾಗುತ್ತದೆ, ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಕತ್ತಾಳೆ ಹಾಗೆ ಮುರಿಯುವುದಿಲ್ಲ. ತಿರುಚಿ ಎಳೆದರೆ ಬಿಳಿ ನಾರು ಉದ್ದಕ್ಕೆ ಬರುತ್ತದೆ. ಅದರ ರಸ ಚರ್ಮಕ್ಕೆ ತಾಗಿದರೆ ತುರಿಕೆ, ಉರಿ. ಕಣ್ಣಿಗಂತೂ ತಾಗಲೇಬಾರದು.

ಎಲೆಯ ತುದಿಯನ್ನೂ ನೋಡಿ. ಕತ್ತಾಳೆಯ ತುದಿಯಲ್ಲಿ ದಬ್ಬಳದಂಥ ಗಟ್ಟಿ ಕಪ್ಪು ಮುಳ್ಳು ಇರುತ್ತದೆ. ಅಲೋದ ಅಂಚಿನಲ್ಲಿ ಎಷ್ಟೇ ಹಲ್ಲುಗಳಿದ್ದರೂ ತುದಿಯಲ್ಲಿ ಆ ಬಗೆಯ ಸೂಜಿ ಇರುವುದಿಲ್ಲ.

ಹೂ ಬಂದಿದ್ದರೆ ಅನುಮಾನಕ್ಕೆ ಜಾಗವೇ ಇಲ್ಲ. ಕತ್ತಾಳೆ ಬಾಳಿನಲ್ಲಿ ಒಂದೇ ಸಲ ಹೂ ಬಿಡುತ್ತದೆ. ನಟ್ಟನಡುವಿನಿಂದ ಕರೆಂಟ್ ಕಂಬದಂತೆ ದಂಟು ಏಳುತ್ತದೆ, ಆಮೇಲೆ ತಾಯಿಗಿಡ ಒಣಗಿ ಸಾಯುತ್ತದೆ. ಅಲೋ ಎಲೆಗಳ ಸಂದಿಯಿಂದ ವರ್ಷ ವರ್ಷ ಹೂದಂಟು ಕಳಿಸುತ್ತದೆ, ಗಿಡ ಹಾಗೇ ಇರುತ್ತದೆ.

2. ಯಾವ ಅಲೋ?

ಅಲೋ ಕುಲದಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ನಾವು ಮುಖಕ್ಕೆ ಹಚ್ಚುವ ಲೋಳೆಸರ, ಅಂದರೆ ಅಲೋವೆರಾ, ಅದರಲ್ಲಿ ಒಂದು ಮಾತ್ರ. ಅದಕ್ಕೆ ಕಾಂಡ ಇಲ್ಲವೆನ್ನುವಷ್ಟು ಗಿಡ್ಡ. ಸುತ್ತ ಮರಿ ಹಾಕುತ್ತದೆ, ಹೂ ಸಾಮಾನ್ಯವಾಗಿ ಹಳದಿ. ಆಳೆತ್ತರ ಬೆಳೆದಿದೆ ಎಂದರೆ ಹೆಚ್ಚಾಗಿ ಕೆಳಗಿನವುಗಳಲ್ಲಿ ಒಂದು. ಎಲ್ಲವೂ ಆಫ್ರಿಕಾದ ದಕ್ಷಿಣ ಭಾಗದವು.

ಅಲೋ ಫೆರಾಕ್ಸ್. ಒಂದೇ ಕಾಂಡ, ಕವಲಿಲ್ಲ, 2ರಿಂದ 3 ಮೀಟರ್ ಎತ್ತರ. ದಪ್ಪ ಎಲೆ, ಸುಮಾರು ಒಂದು ಮೀಟರ್‌ವರೆಗೂ ಉದ್ದ. ಅಂಚಿನಲ್ಲಿ ಕೆಂಪು-ಕಂದು ಹಲ್ಲು. ಎಳೆಯ ಗಿಡದಲ್ಲಿ ಎಲೆಯ ಮೈಮೇಲೂ ಮುಳ್ಳಿರುತ್ತದೆ, ದೊಡ್ಡದಾದಂತೆ ಕಡಿಮೆಯಾಗಬಹುದು. ಒಣಗಿದ ಎಲೆಗಳು ಉದುರದೆ ಕಾಂಡಕ್ಕೆ ಲಂಗ ಉಡಿಸಿದಂತೆ ಜೋತಾಡುತ್ತವೆ. ಹೂಗೊಂಚಲು ದೀಪದ ಕಂಬದ ಹಾಗೆ: ಒಂದು ದಂಟಿನಿಂದ ಐದಾರು ಕವಲು, ಎಲ್ಲವೂ ನೆಟ್ಟಗೆ ಮೇಲಕ್ಕೆ, ಕಿತ್ತಳೆ-ಕೆಂಪು ಬಣ್ಣ.

ಅಲೋ ಮಾರ್ಲೋತಿ. ಎಳೆಯದರಲ್ಲಿ ಫೆರಾಕ್ಸ್‌ನ ಅವಳಿಯಂತೆ ಕಾಣುತ್ತದೆ. ಎಲೆಯ ಎರಡೂ ಮೈಗೆ ಮುಳ್ಳು ಜಾಸ್ತಿ. ಹೂ ಬಂದಾಗ ಗುಟ್ಟು ಬಯಲು: ಇದರ ಹೂಕವಲುಗಳು ನಿಲ್ಲದೆ ಅಡ್ಡಕ್ಕೆ ಬಾಗಿ ಮಲಗಿರುತ್ತವೆ. ಹೂವಿಲ್ಲದ ಗಿಡ ನೋಡಿ ಖಡಾಖಂಡಿತವಾಗಿ 'ಇದು ಫೆರಾಕ್ಸೇ' ಎಂದು ಹೇಳುವವರ ಮಾತನ್ನು ನಾನು ನಂಬುವುದಿಲ್ಲ. ನಾನೇ ಎರಡು ಸಲ ತಪ್ಪಿದ್ದೇನೆ.

ಅಲೋ ಆರ್ಬೊರೆಸೆನ್ಸ್. ಇದು ಪೊದೆ. ಬುಡದಿಂದಲೇ ಹಲವು ಕಾಂಡ, ಪ್ರತಿ ಕಾಂಡದ ತುದಿಯಲ್ಲಿ ಎಲೆಗಳ ಒಂದು ಗುಚ್ಛ. ಎಲೆ ಕಿರಿದು, ಕುಡುಗೋಲಿನಂತೆ ಬಾಗಿದೆ, ಅಂಚಿನ ಹಲ್ಲು ಚಿಕ್ಕದು. 2-3 ಮೀಟರ್ ಎತ್ತರ ಹೋಗುತ್ತದೆ. ಹೂದಂಟು ಸಾಮಾನ್ಯವಾಗಿ ಕವಲೊಡೆಯದೆ ಒಂದೇ ಕಡ್ಡಿಯಾಗಿ ನಿಂತು ಕೆಂಪು ಹೂ ಬಿಡುತ್ತದೆ. ಅದರ ತವರಿನಲ್ಲಿ ದನದ ದೊಡ್ಡಿಗೆ ಇದೇ ಬೇಲಿ. ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ಇದೊಂದೇ. ತಪ್ಪುಗಳನ್ನು ಇಷ್ಟು ಕ್ಷಮಿಸುವ ಎತ್ತರದ ಅಲೋ ಇನ್ನೊಂದಿಲ್ಲ.

ಅಲೋಯ್‌ಡೆಂಡ್ರಾನ್ ಬಾರ್ಬರೆ. ಇದು ಗಿಡವಲ್ಲ, ಮರ. ತವರಿನಲ್ಲಿ 18 ಮೀಟರ್‌ವರೆಗೂ ಬೆಳೆಯುತ್ತದೆ. ಕಾಂಡ ಎರಡೆರಡಾಗಿ ಕವಲೊಡೆಯುತ್ತಾ ಹೋಗುತ್ತದೆ. ಮೊದಲು ಅಲೋ ಎಂದೇ ಕರೆಯುತ್ತಿದ್ದರು, 2013ರಲ್ಲಿ ಮರದಂಥ ಅಲೋಗಳನ್ನು ಬೇರೆ ಕುಲಕ್ಕೆ ಸೇರಿಸಿದರು. ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸ ಚೀಟಿಯಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ. 30-40 ಸೈಟಿನ ಮನೆಯಲ್ಲಿ ಇದನ್ನು ಕಾಂಪೌಂಡಿಗೆ ಒತ್ತಿ ನೆಡಬೇಡಿ. ಮುಂದೆ ಗೋಡೆ ಉಳಿಯಬೇಕೋ ಮರ ಉಳಿಯಬೇಕೋ ಅನ್ನುವ ಪ್ರಶ್ನೆ ಬರುತ್ತದೆ.

ಇನ್ನೊಂದು ಗೊಂದಲ. ವರಾಂಡದ ಕುಂಡದಲ್ಲಿನ ಮಾಮೂಲಿ ಅಲೋವೆರಾ ಬೆಳಕು ಸಾಲದೆ ಉದ್ದಕ್ಕೆ ಹೋಗಿ, ಬರಿ ಕಾಂಡ ತೋರಿಸುತ್ತಾ ಬಾಗಿ ನಿಲ್ಲುತ್ತದೆ. ಅದು ಎತ್ತರದ ಜಾತಿಯಲ್ಲ, ಬಿಸಿಲಿಗೆ ಕತ್ತು ಚಾಚಿದ ಗಿಡ. 6ನೇ ಹಂತದಲ್ಲಿ ಹೇಳಿದಂತೆ ತಲೆ ಕತ್ತರಿಸಿ ಮತ್ತೆ ನೆಡಿ.

ತಿನ್ನಬಹುದಾ ಅಂತ ಕೇಳುವವರಿಗೆ: ಬೇಡ. ಆ ಹಳದಿ ರಸ ಭಾರಿ ಕಹಿ, ಜೋರಾಗಿ ಭೇದಿ ಮಾಡಿಸುತ್ತದೆ. ಲೋಳೆಸರದ ರಸ ಒಣಗಿಸಿ ಮಾಡುವ ಕರಿಬೋಳ ಗೊತ್ತಲ್ಲ, ಫೆರಾಕ್ಸ್‌ನ ರಸವೂ ಅದೇ ಜಾತಿಯ ಮದ್ದು. ಅಳತೆ ಗೊತ್ತಿಲ್ಲದೆ ಮನೆಯಲ್ಲಿ ಜ್ಯೂಸ್ ಮಾಡುವ ಸಾಮಾನಲ್ಲ. ಗರ್ಭಿಣಿಯರು, ಮಕ್ಕಳು ದೂರ ಇರಬೇಕು. ನಾಯಿ, ಬೆಕ್ಕಿಗೂ ಆಗುವುದಿಲ್ಲ.

3. ಗಿಡ ತರುವಾಗ

ಬೀಜಕ್ಕಿಂತ ಗಿಡ ಅಥವಾ ತುಂಡು ತರುವುದು ಒಳ್ಳೆಯದು. ಆನ್‌ಲೈನಿನಲ್ಲಿ 'ಅಲೋವೆರಾ ಬೀಜ', 'ಕೆಂಪು ಅಲೋವೆರಾ ಬೀಜ' ಎಂದು ಪೊಟ್ಟಣ ಮಾರುತ್ತಾರೆ. ಅಲೋವೆರಾ ಮೊಳೆಯುವ ಬೀಜ ಕಟ್ಟುವುದೇ ಅಪರೂಪ. ಹಾಗಿರುವಾಗ ಪೊಟ್ಟಣದಲ್ಲಿ ಏನಿದೆ ಅಂತ ನೀವೇ ಊಹಿಸಿ. ವಿದೇಶದಿಂದ ಗಿಡ ತರಿಸುವ ಯೋಚನೆಯೂ ಬೇಡ. ಅಲೋವೆರಾ ಒಂದನ್ನು ಬಿಟ್ಟು ಉಳಿದ ಅಲೋಗಳು ಸೈಟಿಸ್ ಪಟ್ಟಿಯಲ್ಲಿವೆ. ಸೈಟಿಸ್ ಅಂದರೆ ಅಪರೂಪದ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹಾಕಿರುವ ಕಟ್ಟುಪಾಡು. ಕಾಗದಪತ್ರ ಇಲ್ಲದೆ ತಂದರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಬೀಳುತ್ತೀರಿ.

ನರ್ಸರಿಯಲ್ಲಿ ಗಿಡದ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಗಟ್ಟಿಯಾಗಿ ನಿಂತಿರಬೇಕು. ಬುಡ ಮೆತ್ತಗಿದ್ದರೆ, ಹುಳಿವಾಸನೆ ಬಂದರೆ ಬಿಟ್ಟುಬಿಡಿ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೂ ಬೇಡ. ಎಲೆ ಸ್ವಲ್ಪ ಕೆಂಪಾಗಿದ್ದರೆ ಮಾತ್ರ ಹೆದರಬೇಡಿ, ಬಿಸಿಲು ತಿಂದ ಗುರುತು ಅದು.

ಎಲ್ಲಕ್ಕಿಂತ ದೊಡ್ಡ ಮೋಸ ಕುಂಡದೊಳಗಿರುತ್ತದೆ. ಹೆಚ್ಚಿನ ಗಿಡಗಳು ಕೋಕೋಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು ಬರುತ್ತವೆ. ಸಾಗಿಸಲು ಹಗುರ ಅಂತ ಅವರು ಹಾಕುತ್ತಾರೆ. ಅದು ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ. ಆ ಉಂಡೆಯ ಸಮೇತ ನೆಲಕ್ಕಿಟ್ಟರೆ ನೀವು ಸುತ್ತ ಎಷ್ಟೇ ಉಸುಕು ಹಾಕಿ, ಬೇರಿನ ಸುತ್ತ ಒದ್ದೆ ಬಟ್ಟೆ ಸುತ್ತಿದಂತೆಯೇ. ಮನೆಗೆ ತಂದ ಮೇಲೆ ಕೈಯಿಂದ ಬಿಡಿಸಿ ಉದುರಿಸಿ. ನಾಲ್ಕು ಬೇರು ಹರಿದರೆ ಹರಿಯಲಿ. ಎರಡು-ಮೂರು ದಿನ ನೆರಳಲ್ಲಿ ಹಾಗೇ ಒಣಗಲು ಬಿಟ್ಟು ನೆಡಿ.

ಮಣ್ಣಿಲ್ಲದೆ ಸತ್ತುಹೋಗಲ್ವಾ ಅನ್ನುತ್ತೀರಾ? ನಮ್ಮಲ್ಲಿ ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಲೋಳೆಸರವನ್ನು ತಲೆಕೆಳಗಾಗಿ ಕಟ್ಟುತ್ತಾರಲ್ಲ. ಮಣ್ಣು ನೀರು ಏನೂ ಇಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕೆಲವು ಅಲ್ಲೇ ಹೊಸ ಎಲೆ ಬಿಡುತ್ತವೆ. ಎರಡು ದಿನಕ್ಕೆ ಏನೂ ಆಗುವುದಿಲ್ಲ.

4. ಜಾಗ ಮತ್ತು ಮಣ್ಣು

ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೀಳಬೇಕು. ಓಡಾಡುವ ದಾರಿಯಿಂದ ನಾಲ್ಕು ಅಡಿ ದೂರ ಇರಲಿ. ಫೆರಾಕ್ಸ್‌ನ ಎಲೆಗಳು ಸರಿಯಾಗಿ ಮಕ್ಕಳ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲುವ ಕಾಲ ಒಂದಿದೆ.

ಈಗ ಮಣ್ಣು. ಧಾರವಾಡದ ಪಶ್ಚಿಮಕ್ಕೆ, ಕಲಘಟಗಿ ಕಡೆ ಕೆಂಪು ಮಸಾರಿ ನೆಲ ಇದ್ದವರು ಪುಣ್ಯವಂತರು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗ, ರೋಣದವರೆಗೆ ಹಬ್ಬಿರುವ ಎರೆಭೂಮಿಯವರಿಗೆ ಕೆಲಸ ಜಾಸ್ತಿ. ಎರೆಮಣ್ಣು ಹತ್ತಿಗೆ, ಕಡಲೆಗೆ, ಬಿಳಿಜೋಳಕ್ಕೆ ಬಂಗಾರ. ಹಿಂಗಾರಿನಲ್ಲಿ ಬರೀ ತೇವದ ಮೇಲೆ ಬೆಳೆ ಬರುವುದು ಅದು ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದರಿಂದಲೇ. ಆ ಗುಣವೇ ಅಲೋಗೆ ಕುತ್ತು. ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಬಿರಿದು ಬೇರನ್ನು ಎಳೆದು ಹರಿಯುತ್ತದೆ.

ನಿಮ್ಮ ನೆಲ ಎಂಥದ್ದು ಅಂತ ಹೀಗೆ ಪರೀಕ್ಷಿಸಿ. ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ. ಎರಡನೇ ಸಲದ ನೀರು ಎರಡು-ಮೂರು ತಾಸಿನಲ್ಲಿ ಇಂಗಿದರೆ ನೇರ ನೆಲದಲ್ಲೇ ನೆಡಬಹುದು. ಬೆಳಿಗ್ಗೆ ಎದ್ದು ನೋಡಿದರೂ ನೀರು ಮಿಣುಗುತ್ತಿದ್ದರೆ ದಿಬ್ಬ ಕಟ್ಟಬೇಕು.

ಎಚ್ಚರ, ಇಲ್ಲೇ ಹೆಚ್ಚಿನವರು ಎಡವುವುದು. ಎರೆಮಣ್ಣಿನಲ್ಲಿ ದೊಡ್ಡ ಗುಂಡಿ ತೋಡಿ, ಅದರ ತುಂಬ ಉಸುಕು-ಖಡಿ ಹಾಕಿ ಗಿಡ ನೆಡುತ್ತಾರೆ. ಕೇಳಲು ಸರಿಯೇ. ಆದರೆ ಸುತ್ತಲಿನ ಮಣ್ಣು ನೀರು ಬಿಡುವುದಿಲ್ಲ, ಉಸುಕಿನ ಮೂಲಕ ಸುತ್ತಲ ನೀರೆಲ್ಲ ಇಳಿದು ಒಳಗೆ ಸೇರುತ್ತದೆ. ನೀವು ಮಾಡಿದ್ದು ಒಂದು ಪುಟ್ಟ ಕೃಷಿಹೊಂಡ! ನನ್ನ ಮೊದಲ ಫೆರಾಕ್ಸ್ ಹೋಗಿದ್ದು ಹೀಗೇ. ಆರಿದ್ರಾ ಮಳೆಗೆ ಮುಳುಗಿತು, ಪುಷ್ಯ ಮಳೆ ಹೊತ್ತಿಗೆ ತಳ್ಳಿದರೆ ಬುಡ ಸಮೇತ ಕೈಗೆ ಬಂತು.

ಆದ್ದರಿಂದ ಕೆಳಗೆ ತೋಡಬೇಡಿ, ಮೇಲೆ ಏರಿಸಿ. ನಾಲ್ಕೈದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ. ಎರಡು ಬುಟ್ಟಿ ಗರಸು, ಒಂದು ಬುಟ್ಟಿ ದಪ್ಪ ಉಸುಕು, ಒಂದು ಬುಟ್ಟಿ ಮಸಾರಿ ಮಣ್ಣು, ಅರ್ಧ ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಇದೇ ಅಳತೆಯಲ್ಲಿ ದಿಬ್ಬ ತುಂಬುವವರೆಗೆ ಕಲಸಿ. ಸುತ್ತ ದೊಡ್ಡ ಕಲ್ಲು ಒತ್ತಿದರೆ ಮಣ್ಣು ಜಾರುವುದಿಲ್ಲ. ಉಸುಕು ಸಿಗದೆ ಎಂ-ಸ್ಯಾಂಡ್ ಬಳಸಿದರೆ ಜರಡಿ ಹಿಡಿದು ಹಿಟ್ಟಿನಂಥ ಪುಡಿ ತೆಗೆಯಿರಿ, ಇಲ್ಲದಿದ್ದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಹಸಿ ಸಗಣಿ ಬೇಡವೇ ಬೇಡ.

ಗದಗದವರಿಗೆ ಒಂದು ಮಾತು: ಗರಸಿಗೆಂದು ಕಪ್ಪತಗುಡ್ಡಕ್ಕೆ ಸಲಿಕೆ ಹಿಡಿದು ಹೋಗಬೇಡಿ. 2019ರಿಂದ ಅದು ವನ್ಯಜೀವಿಧಾಮ. ಮನೆ ಕಟ್ಟುವ ಕಡೆ ಅಡಿಪಾಯಕ್ಕೆ ತಂದು ಉಳಿದ ಗರಸು ಕೇಳಿದರೆ ಸಿಗುತ್ತದೆ.

5. ನೆಡುವುದು

ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ನೆಡಿ. ಬಿಸಿಲು ಹದವಾಗಿರುತ್ತದೆ, ಬೇರಿಗೆ ಮುಂದಿನ ಮುಂಗಾರಿನವರೆಗೆ ಆರು ತಿಂಗಳು ಸಿಗುತ್ತದೆ. 'ಮಳೆಗಾಲ, ಗಿಡ ನೆಡುವ ಕಾಲ' ಅನ್ನುವ ರೂಢಿ ಮಾವು, ತೆಂಗಿಗೆ ಸರಿ. ಇದಕ್ಕೆ ಸಲ್ಲ.

ಕಾಂಡ ಮಣ್ಣಿನೊಳಗೆ ಮೊದಲೆಷ್ಟಿತ್ತೋ ಅಷ್ಟೇ ಹೂಳಿ. ಆಳಕ್ಕೆ ಹೂತರೆ ಗಟ್ಟಿ ನಿಲ್ಲುತ್ತದೆ ಅನ್ನುವುದು ಭ್ರಮೆ, ಕೊಳೆಯುವುದಕ್ಕೆ ದಾರಿ. ಅಲ್ಲಾಡಿದರೆ ಮೂರು ಕಲ್ಲು ಒತ್ತಿ ನಿಲ್ಲಿಸಿ. ಒಂದು ವಾರ ನೀರು ಬೇಡ. ನೆರಳಿನಲ್ಲಿ ಬೆಳೆದ ಗಿಡವಾದರೆ ಎರಡು ವಾರ ಮಧ್ಯಾಹ್ನದ ಹೊತ್ತು ಹಳೆಯ ಸೀರೆಯನ್ನೋ ಗೋಣಿಯನ್ನೋ ಮರೆ ಕಟ್ಟಿ, ಇಲ್ಲದಿದ್ದರೆ ಎಲೆ ಸುಟ್ಟು ಬಿಳಿ ಕಲೆ ಬೀಳುತ್ತದೆ. ಆ ಕಲೆ ಮತ್ತೆ ಹೋಗುವುದಿಲ್ಲ.

ತಾರಸಿಯ ಮೇಲೆ ಇಡುವವರು ಅಗಲ ಬಾಯಿಯ, ಭಾರದ ಮಣ್ಣಿನ ಕುಂಡ ಬಳಸಿ. ಆಷಾಢದ ಗಾಳಿ ಹೇಗಿರುತ್ತದೆ ಅಂತ ಗೊತ್ತಲ್ಲ. ಪ್ಲಾಸ್ಟಿಕ್ ಕುಂಡದಲ್ಲಿ ನಾಲ್ಕಡಿ ಗಿಡ ಎಂದರೆ ಅದು ಪಕ್ಕದ ಮನೆಯ ಅಂಗಳದಲ್ಲಿದೆ ಎಂದೇ ಲೆಕ್ಕ.

6. ತುಂಡಿನಿಂದ ಹೊಸ ಗಿಡ

ಆರ್ಬೊರೆಸೆನ್ಸ್ ಮತ್ತು ಬಾರ್ಬರೆಗೆ ಇದು ನಡೆಯುತ್ತದೆ. ಫೆರಾಕ್ಸ್‌ಗೆ ಮಾಡಬೇಡಿ, ಇರುವ ಒಂದೇ ತಲೆ ಕಳೆದುಕೊಳ್ಳುತ್ತೀರಿ.

ಒಂದರಿಂದ ಒಂದೂವರೆ ಅಡಿಯ ತುಂಡನ್ನು ಚೂಪಾದ ಚಾಕುವಿನಿಂದ ಒಂದೇ ಏಟಿಗೆ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆಯಿರಿ. ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದರಿಂದ ಎರಡು ವಾರ ಒರಗಿಸಿಡಿ. ಕತ್ತರಿಸಿದ ಜಾಗ ಒಣಗಿ ಗಟ್ಟಿ ಪೊರೆ ಕಟ್ಟಬೇಕು. ಬೆರಳಿನಿಂದ ಒತ್ತಿದರೆ ಹಳೆಯ ರೊಟ್ಟಿಯ ಅಂಚಿನಂತೆ ಗಟ್ಟಿಯಾಗಿ, ಒಣಗಿ ಇರಬೇಕು. ಅಂಟು ಅಂಟಾಗಿದ್ದರೆ ಇನ್ನೂ ನಾಲ್ಕು ದಿನ ಬಿಡಿ. ಆಮೇಲೆ ಒಣ ಮಿಶ್ರಣದಲ್ಲಿ ನಿಲ್ಲಿಸಿ, ಕೋಲು ಕೊಟ್ಟು ಕಟ್ಟಿ, ವಾರದ ಮೇಲೆ ಸ್ವಲ್ಪವೇ ನೀರು ಕೊಡಿ. ತಿಂಗಳು, ಒಂದೂವರೆ ತಿಂಗಳಿಗೆ ಬೇರು ಹಿಡಿಯುತ್ತದೆ. ಹಿಡಿಯಿತೋ ಇಲ್ಲವೋ ಅಂತ ದಿನಾ ಕಿತ್ತು ನೋಡಬೇಡಿ, ದಯವಿಟ್ಟು.

ಬೇಲಿಗಾದರೆ ಆರ್ಬೊರೆಸೆನ್ಸ್ ತುಂಡುಗಳನ್ನು ಎರಡು-ಮೂರು ಅಡಿಗೊಂದರಂತೆ ನೆಡಿ.

7. ನೀರು

ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಪಾತ್ರೆ, ಡ್ರಮ್ಮು, ಸಿಂಟೆಕ್ಸು ಎಲ್ಲ ತುಂಬಿ, ಉಳಿದದ್ದಕ್ಕೆ ಪೈಪು ಹಿಡಿದು ಮಲ್ಲಿಗೆಯಿಂದ ಹಿಡಿದು ಎಲ್ಲ ಗಿಡಕ್ಕೂ ಹೊಡೆಯುತ್ತೇವೆ. ಆ ಪೈಪು ಅಲೋ ಕಡೆ ತಿರುಗಬಾರದು. ಮನೆಯವರಿಗೆಲ್ಲ ಹೇಳಿಡಿ. ಮುಖ್ಯವಾಗಿ ಊರಿಂದ ಬಂದ ಅತ್ತೆ-ಮಾವನಿಗೆ, ಪಾಪ ಪ್ರೀತಿಯಿಂದ ಎರಡು ಕೊಡ ಸುರಿದಿರುತ್ತಾರೆ.

ಊದಿನಕಡ್ಡಿ ಈಗ ಬೇಕು. ಉರಿದು ಉಳಿದ ಬಿದಿರು ಕಡ್ಡಿಯನ್ನು ಬುಡದ ಹತ್ತಿರ ಪೂರ್ತಿ ಚುಚ್ಚಿ, ಐದು ನಿಮಿಷ ಬಿಟ್ಟು ಎಳೆಯಿರಿ. ಕಡ್ಡಿ ಕಪ್ಪಗಾಗಿ ಮಣ್ಣು ಅಂಟಿಕೊಂಡಿದ್ದರೆ ನೀರು ಬೇಡ. ಒಣಗಿ ಹಾಗೇ ಬಂದರೆ ಕೊಡಿ. ನೆಲದ ಗಿಡಕ್ಕೆ ಅಂದಾಜು ಹೀಗೆ: ಮೊದಲ ವರ್ಷ ಚಳಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಹತ್ತು-ಹನ್ನೆರಡು ದಿನಕ್ಕೊಮ್ಮೆ ಅರ್ಧ ಬಕೆಟ್. ಮಳೆಗಾಲದಲ್ಲಿ ಸೊನ್ನೆ. ಎರಡು ವರ್ಷ ದಾಟಿದ ಗಿಡಕ್ಕೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕೊಟ್ಟರೂ ನಡೆಯುತ್ತದೆ. ಕುಂಡದ್ದು ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ. ನೀರು ಬುಡದ ಸುತ್ತ ಹಾಕಿ, ಎಲೆಗಳ ನಡುವಿನ ಬಟ್ಟಲಿಗೆ ಸುರಿಯಬೇಡಿ.

ಎಲೆ ತೆಳುವಾಗಿ ಒಳಕ್ಕೆ ಮಡಚಿದರೆ ಬಾಯಾರಿದೆ. ಹಳದಿಯಾಗಿ ಮೆತ್ತಗಾದರೆ ನೀರು ಹೆಚ್ಚಾಗಿದೆ. ಎರಡನ್ನೂ ಕಂಡು 'ಗಿಡ ಬಾಡಿದೆ' ಎಂದು ನೀರು ಹಾಕುವುದರಿಂದಲೇ ಅರ್ಧ ಗಿಡ ಸಾಯುವುದು.

8. ರೋಗ, ಹುಳ

ಬುಡ ಕೊಳೆತರೆ ಔಷಧಿ ಹುಡುಕುತ್ತಾ ಕೂರಬೇಡಿ. ಆರ್ಬೊರೆಸೆನ್ಸ್ ಆದರೆ ಕೊಳೆತದ್ದರ ಮೇಲಿನ ಗಟ್ಟಿ ಭಾಗ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಒಂದು ಕಂದು ಚುಕ್ಕೆಯೂ ಇಲ್ಲದವರೆಗೆ ಕತ್ತರಿಸುತ್ತಾ ಹೋಗಿ, ಆಮೇಲೆ 6ನೇ ಹಂತ. ಫೆರಾಕ್ಸ್ ಕೊಳೆತರೆ ಉಳಿಯುವುದು ಕಷ್ಟ, ಆದರೂ ಹೇಗೂ ಹೋಗುವ ಗಿಡ ಅಂತ ಇದನ್ನೇ ಮಾಡಿ ನೋಡಬಹುದು.

ಹಿಟ್ಟು ತಿಗಣೆ, ಅಂದರೆ ಎಲೆಸಂದಿಯ ಬಿಳಿ ಹತ್ತಿಯಂಥ ಹುಳ, ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದು, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಮತ್ತು ನಾಲ್ಕು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಲೆಯ ಅಂಚಿನಲ್ಲೋ ಹೂದಂಟಿನಲ್ಲೋ ಹೂಕೋಸಿನಂಥ ಗಂಟು ಎದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಕೆಲಸ. ಆ ಭಾಗವನ್ನು ಕತ್ತರಿಸಿ ಸುಡಿ, ತಿಪ್ಪೆಗೆ ಹಾಕಬೇಡಿ. ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಿ.

ಫೆರಾಕ್ಸ್‌ನ ಒಣ ಎಲೆಯ ಲಂಗ ಇಡುವುದೋ ತೆಗೆಯುವುದೋ ನಿಮ್ಮಿಷ್ಟ. ನೋಡಲು ನನಗೆ ಇಷ್ಟ. ಆದರೆ ಮೇ ಕೊನೆಗೆ ಕೆಳಗಿನ ಒಂದಡಿಯಷ್ಟನ್ನು ಕತ್ತರಿಸಿಬಿಡುತ್ತೇನೆ, ಮಳೆಗಾಲದಲ್ಲಿ ಅದರೊಳಗೆ ತೇವ ಕೂತು ಕಾಂಡ ಕೆಡುತ್ತದೆ. ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ. ಚೇಳಿಗೆ ಅಂಥ ಜಾಗ ಬಹಳ ಇಷ್ಟ.

9. ಹೂವು ಮತ್ತು ಹೆಸರು

ಹೂ ಬರುವುದು ಚಳಿಗಾಲದಲ್ಲಿ. ತುಂಡಿನಿಂದ ಬಂದ ಆರ್ಬೊರೆಸೆನ್ಸ್ ಬೇಗ ಬಿಡುತ್ತದೆ, ಬೀಜದ ಫೆರಾಕ್ಸ್‌ಗೆ ನಾಲ್ಕೈದು ವರ್ಷವಾದರೂ ಕಾಯಬೇಕು. ಹೂವಿನ ಕೊಳವೆಯಲ್ಲಿ ಸಿಹಿರಸ ಇರುವುದರಿಂದ ಸೂರಕ್ಕಿಗಳು ಬೆಳಿಗ್ಗೆಯೇ ಹಾಜರು. ಒಂದೇ ಫೆರಾಕ್ಸ್ ಇದ್ದರೆ ಬೀಜ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಪಕ್ಕದಲ್ಲಿ ಇನ್ನೊಂದು ಜಾತಿಯ ಅಲೋ ಇದ್ದರೆ ಅದರ ಪರಾಗವೇ ಸೇರಿ ಬೆರಕೆ ಬೀಜವಾಗುತ್ತದೆ. ಅಂಥ ಸಸಿ ತಾಯಿಯಂತೆಯೂ ಇರುವುದಿಲ್ಲ, ತಂದೆಯಂತೆಯೂ ಇರುವುದಿಲ್ಲ. ನರ್ಸರಿಯ ಎಷ್ಟೋ ಗಿಡಗಳು ಪುಸ್ತಕದ ವರ್ಣನೆಗೆ ಹೊಂದದಿರುವುದು ಇದಕ್ಕೇ.

ಹೆಸರು ಕೇಳಿ ಫೋಟೋ ಕಳಿಸುವುದಾದರೆ ಒಂದು ಸಾಲದು. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ಇಡೀ ಗಿಡದ್ದು, ಎಲೆಯ ಎರಡೂ ಮೈಯದ್ದು, ಬುಡದ್ದು, ಮುರಿದ ಎಲೆಯ ಒಳಭಾಗದ್ದು. ಹೂ ಇದ್ದರೆ ಗೊಂಚಲು ಪೂರ್ತಿ ಕಾಣುವಂತೆ ಒಂದು. ಹೂ ಇನ್ನೂ ಬಂದಿಲ್ಲವಾ? ಹಾಗಾದರೆ ಡಿಸೆಂಬರ್‌ವರೆಗೆ ಕಾದು ಕಳಿಸಿ.